ಅಳಿಸಿದ ಮಾತಿನ ಸುತ್ತಳತೆ

ಜನ ಏನು ಹುಡುಕುತ್ತಾರೆ ಎಂದು ಪತ್ತೆ ಹಚ್ಚುವುದು ಭಾಗೀರಥಿಯ ಹೊಟ್ಟೆಪಾಡು. ಹುಡುಕಲು ಹೊರಟು, ಹೆದರಿ, ಅಳಿಸಿಬಿಟ್ಟದ್ದನ್ನೂ ಪತ್ತೆ ಹಚ್ಚುವ ತಂತ್ರಾಂಶ ಬಂದರೆ ಏನಾದೀತು ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಅದು ಬಂತು. ತಿಂಗಳಿಗೆ ಎರಡು ಪ್ಲೇಟು ಗಿರ್ಮಿಟ್ಟಿನ ದರಕ್ಕೆ ಬಂತು.

ಗದಗಿನಲ್ಲಿ ಮುಚ್ಚಿಹೋದ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಕೋಣೆ ಅವಳ ಆಫೀಸು. ಪಾಲುದಾರ ದಸ್ತಗೀರ. ಊರಿನ ಅಂಗಡಿ, ದವಾಖಾನೆ, ಕೋಚಿಂಗ್ ಕ್ಲಾಸುಗಳ ವೆಬ್‌ಸೈಟು ಸರ್ಚಿನಲ್ಲಿ ಮೇಲೆ ಬರುವಂತೆ ಮಾಡುವುದು ಇಬ್ಬರ ಕೆಲಸ. ಹಾಗೆ ಬರಬೇಕಾದರೆ ಗಿರಾಕಿಗಳು ಯಾವ ಪದಗಳನ್ನು ಟೈಪ್ ಮಾಡುತ್ತಾರೆ ಎಂದು ಗೊತ್ತಿರಬೇಕು. ಆ ಪದಗಳಿಗೆ ಕೀವರ್ಡ್ ಎನ್ನುತ್ತಾರೆ. ಅವನ್ನು ಹೆಕ್ಕಿಕೊಡುವ ಒಳ್ಳೆಯ ತಂತ್ರಾಂಶಗಳೆಲ್ಲ ಡಾಲರಿನಲ್ಲಿ ಬಾಡಿಗೆ ಕೇಳುತ್ತವೆ. ಇವರು ಪುಕ್ಕಟೆ ಟ್ರಯಲ್ ಮುಗಿದ ಕೂಡಲೇ ಹೊಸ ಇಮೇಲ್ ತೆರೆದು ಮತ್ತೆ ಟ್ರಯಲ್ ಹಾಕುತ್ತಿದ್ದರು. ಮನೆಯವರ ಹೆಸರೆಲ್ಲ ಮುಗಿದ ಮೇಲೆ ದಸ್ತಗೀರ ತನ್ನ ಆಡುಗಳ ಹೆಸರಿನಲ್ಲೂ ಇಮೇಲ್ ತೆರೆದಿದ್ದ.

"ಇನ್ನ ಆಡೂ ಉಳದಿಲ್ಲ," ಎಂದ ಒಂದು ದಿನ. "ಇದನ್ನ ನೋಡು. ಜರಡಿ ಅಂತ ಹೆಸರು. ಭಾಳ ಸೋವಿ ಐತಿ."

"ಅಷ್ಟು ಸೋವಿ ಐತಿ ಅಂದ್ರ ಎಲ್ಲೋ ಕಳ್ಳತನ ಇರತೈತಿ."

"ಇದ್ರ ಇರ್ಲಿ ತಗೋ. ನಮ್ಮ ಕಡೆ ಕಳುವಾಗೂವಂಥದ್ದು ಏನೈತಿ?"

ಜರಡಿಯಲ್ಲಿ ಎರಡು ಕಾಲಮ್ಮುಗಳಿದ್ದವು. ಒಂದು ಜನ ಹುಡುಕಿದ್ದು. ಇನ್ನೊಂದರ ತಲೆಯ ಮೇಲೆ 'ಅರ್ಧ ಶೋಧ' ಎಂದಿತ್ತು. ಮೊದಲ ಪ್ರಯೋಗ ಒಬ್ಬ ಹಲ್ಲಿನ ಡಾಕ್ಟರ ಮೇಲಾಯಿತು. ಮೊದಲ ಕಾಲಮ್ಮಿನಲ್ಲಿ ಹುಳುಕು ಹಲ್ಲು, ವಸಡಿನ ರಕ್ತ, ಎಲ್ಲರಿಗೂ ಗೊತ್ತಿದ್ದದ್ದೇ. ಎರಡನೆಯದರಲ್ಲಿ 'ಬಾಯಿ ವಾಸನೆಗೆ ಹೆಂಡತಿ ಹತ್ತಿರ ಬರುವುದಿಲ್ಲ' ಎಂಬುದು ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು. ಕೇಳುವವರಿದ್ದೂ ಉತ್ತರ ಬರೆದವರಿಲ್ಲದ ಪದವನ್ನು ಈ ಧಂಧೆಯಲ್ಲಿ ಬಂಗಾರ ಎನ್ನುತ್ತಾರೆ. ಹಸಿರು ಅಂದರೆ ಬಂಗಾರ. ಭಾಗೀರಥಿ ಆ ಪದಕ್ಕೆ ಒಂದು ಪುಟ ಬರೆದು ಏರಿಸಿದಳು. ಕೆಲವೇ ವಾರಗಳಲ್ಲಿ ಡಾಕ್ಟರ ಬಾಗಿಲ ಮುಂದೆ ಇನ್ನೊಂದು ಬೆಂಚು ಹಾಕಬೇಕಾಯಿತು. ಬೆಂಚಿನ ತುಂಬ ಬಾಯಿಗೆ ಕರವಸ್ತ್ರ ಒತ್ತಿಕೊಂಡ ಗಂಡಸರು.

ಇದು ಹೇಗೆ ಸಾಧ್ಯ ಎಂದು ಅವಳು ಜರಡಿಯ ಸಹಾಯವಾಣಿಗೆ ಫೋನು ಮಾಡಿದಳು. ಬೆಂಗಳೂರಿನ ಕನ್ನಡದ ಹುಡುಗಿ ಮಾತಾಡಿದಳು.

"ಸರ್ಚ್ ಒತ್ತದೇ ಬಿಟ್ಟಿದ್ದು ಮೇಡಂ. ಟೈಪ್ ಮಾಡ್ತಾರೆ, ಆಮೇಲೆ ಬೇಡ ಅಂತ ಅಳಿಸ್ತಾರಲ್ಲ, ಅದೇ ಅರ್ಧ ಶೋಧ. ಹಬ್ಬದ ಸ್ಟಿಕರ್ ಎಲ್ಲಾ ಇರೋ ಫ್ರೀ ಕನ್ನಡ ಕೀಬೋರ್ಡ್ ಇದೆಯಲ್ಲ, ಅದು ನಮ್ಮದೇ. ಅಕ್ಷರ ಒತ್ತಿದ ತಕ್ಷಣ ನಮ್ಮ ಸರ್ವರಿಗೆ ಬರುತ್ತೆ. ಬೇರೆಯವರು ಬಿಸಾಕೋ ಡೇಟಾ ಮೇಡಂ, ಅದಕ್ಕೇ ನಮ್ಮದು ಕಡಿಮೆ ರೇಟು."

"ಮತ್ತ ಯಾರು ಬರದ್ರು ಅಂತ?"

"ಹೆಸರು, ನಂಬರ್ ಏನೂ ಇರಲ್ಲ. ಜಾಗ ಮಾತ್ರ."

ಗದಗಿನಲ್ಲಿ ಆ ಕೀಬೋರ್ಡ್ ಇಲ್ಲದ ಫೋನೇ ಇರಲಿಲ್ಲ. ಭಾಗೀರಥಿಯ ಫೋನಿನಲ್ಲೂ ಇತ್ತು.

*

ಅವಳ ಅಕ್ಕ ಕಸ್ತೂರಿಯ ಮನೆ ಬೆಟಗೇರಿಯಲ್ಲಿ. ಕೆಳಗೆ ಗಂಡ ಶಿವಯೋಗಿಯ ಫ್ಯಾನು, ಮಿಕ್ಸರು, ಕೂಲರುಗಳ ಅಂಗಡಿ. ಮೇಲೆ ಮನೆ. ಭಾಗೀರಥಿ ಊಟಕ್ಕೆ ಹೋಗಿದ್ದ ದಿನ ಶಿವಯೋಗಿ ರೊಟ್ಟಿ ಮುರಿಯುತ್ತ ಮಾತು ತೆಗೆದ.

"ಏನವಾ ಭಾಗಿ, ಊರಿಗೆಲ್ಲ ಗಿರಾಕಿ ತರತಿ. ನಮ್ಮ ಅಂಗಡಿ ಕಣ್ಣಿಗೆ ಬೀಳವಲ್ದೇನು?"

"ನೀವು ಹೇಳಿದ್ರ ಮಾಡತಿದ್ನಿ ಮಾಮಾ."

"ಮತ್ತ ರೊಕ್ಕ ಗಿಕ್ಕ ಕೇಳಬ್ಯಾಡ. ನಾದಿನಿ ನೀ."

ಊಟದ ನಡುವೆ ಅವನು ತಲೆ ಎತ್ತದೆ ಎಡಗೈ ಚಾಚಿದ. ಮಜ್ಜಿಗೆ ಲೋಟ ಕೊಟ್ಟಷ್ಟೇ ಸಲೀಸಾಗಿ ಕಸ್ತೂರಿ ತನ್ನ ಫೋನನ್ನು ಅವನ ಕೈಗಿಟ್ಟಳು. ಅವನು ಹೆಬ್ಬೆರಳಿನಿಂದ ಅವಳ ಸರ್ಚ್ ಹಿಸ್ಟರಿ ಮೇಲಕ್ಕೆ ತಳ್ಳುತ್ತ ಓದಿದ. "ಹಾಗಲಕಾಯಿ ಕಹಿ ತೆಗಿಯೂದು. ಕೆಮ್ಮಿಗೆ ಕಷಾಯ. ಹ್ಞಾಂ." ಫೋನು ವಾಪಸು ಹೋಯಿತು. ಭಾಗೀರಥಿ ಇದನ್ನು ಹಿಂದೆಯೂ ನೋಡಿದ್ದಳು. ಜುಗ್ಗನಿಗೆ ಎಲ್ಲದರ ಮೇಲೂ ಕಣ್ಣಿರುತ್ತದೆ ಎಂದುಕೊಂಡು ಬಿಟ್ಟಿದ್ದಳು. ಅಂದು ಅಂಥ ಸೆಕೆಯಲ್ಲೂ ಅಕ್ಕ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದಳು. ಏನಾಯಿತು ಎಂದರೆ, "ಗಂಟಲಾ ಹಿಡದೈತಿ," ಎಂದಳು. ದನಿಯೂ ಒಡೆದಿತ್ತು. ಏಳು ವರ್ಷದ ಮಗಳು ಪ್ರಣತಿ ತಾಟಿನಿಂದ ಕಣ್ಣು ತೆಗೆಯಲಿಲ್ಲ.

ಊಟವಾದ ಮೇಲೆ ಭಾಗೀರಥಿ ಶಿವಯೋಗಿಯ ನಂಬರಿನಲ್ಲಿ ಜರಡಿಯ ಖಾತೆ ತೆರೆದಳು. ಪಟ್ಟಿ ತೆರೆದು ನೋಡುವ ಅಧಿಕಾರ ತನಗೂ ಇಟ್ಟುಕೊಂಡಳು. ಸಣ್ಣ ಅಂಗಡಿಗೆ ಸಣ್ಣ ಸುತ್ತು ಹಾಕುವುದು ಅವಳ ಆಫೀಸಿನ ಪದ್ಧತಿ. ದೂರದವರ ಪದಗಳು ಬಂದರೆ ಪಟ್ಟಿ ಕೆಡುತ್ತದೆ. ನಕಾಶೆಯ ಮೇಲೆ ಬೆರಳಿಟ್ಟು ಆದಷ್ಟು ಚಿಕ್ಕ ಸುತ್ತು ಎಳೆದಳು. ಅಂಗಡಿ, ಪಕ್ಕದ ನಾಲ್ಕಾರು ಮನೆ, ಎದುರಿನ ಹಿಟ್ಟಿನ ಗಿರಣಿ ಅದರಲ್ಲಿ ಬಂದವು. ಪ್ರತಿ ಸೋಮವಾರ ವರದಿ ತಾನಾಗಿಯೇ ಅವನ ವಾಟ್ಸಾಪಿಗೆ ಹೋಗುವಂತೆ ಮಾಡಿದಳು. ಅಂಗಡಿಯ ಮೇಲೆ ಮನೆ ಇದೆ ಎಂಬುದು ಅವಳ ತಲೆಗೆ ಬರಲಿಲ್ಲ. ಅವಳ ಕಣ್ಣಿಗೆ ಕಾಣುತ್ತಿದ್ದದ್ದು ಗಿರಾಕಿಗಳಷ್ಟೇ.

*

ಶನಿವಾರ ಮಧ್ಯಾಹ್ನ ಆಫೀಸಿನಲ್ಲಿ, ಸೋಮವಾರ ಹೋಗಲಿರುವ ವರದಿಯನ್ನು ತೆರೆದು ನೋಡಿದಳು. ಕೂಲರ್ ಪಂಪ್ ದುರಸ್ತಿ. ಮಿಕ್ಸರ್ ಜಾರಿನ ಬ್ಲೇಡ್. ಹಳೆ ಫ್ಯಾನು ಕೊಟ್ಟು ಹೊಸದು. ಆಮೇಲೆ ಅರ್ಧ ಶೋಧದ ಕಾಲಮ್ಮು. ಅದರಲ್ಲಿ ಮೂರು ಸಾಲು ಹಸಿರಾಗಿದ್ದವು.

'ಗಂಡನಿಗೆ ಗೊತ್ತಾಗದೆ ಮಗುವಿನ ಟಿಸಿ ತೆಗೆಸಬಹುದಾ.'

'ಗದಗ ಸೊಲ್ಲಾಪುರ ರೈಲು ಬೆಳಗಿನ ಜಾವ.'

'ಕುತ್ತಿಗೆ ಹಿಚುಕಿದ ಗುರುತು ಎಷ್ಟು ದಿನ ಇರುತ್ತದೆ.'

ಭಾಗೀರಥಿ ಮೂರನೆಯ ಸಾಲನ್ನು ಎರಡು ಸಲ ಓದಿದಳು. ಸೆರಗು ನೆನಪಾಯಿತು. ಒಡೆದ ದನಿ ನೆನಪಾಯಿತು. ಸೊಲ್ಲಾಪುರದಲ್ಲಿ ಇವರ ಸೋದರಮಾವ ಇದ್ದಾನೆ. ಹಿಸ್ಟರಿಯಲ್ಲಿ ಉಳಿಯಬಾರದೆಂದು ಅಕ್ಕ ಸರ್ಚ್ ಒತ್ತಿರಲಿಲ್ಲ. ಟೈಪ್ ಮಾಡಿ, ನೋಡಿ, ಅಳಿಸಿದ್ದಳು. ಉತ್ತರ ಸಿಗುವುದಿಲ್ಲ ಎಂದು ಗೊತ್ತಿದ್ದೂ ಕೇಳಿದ್ದಳು. ಸೋಮವಾರ ಅದು ಹಸಿರು ಬಣ್ಣದಲ್ಲಿ ಶಿವಯೋಗಿಯ ಕೈ ಸೇರಲಿದೆ. ಸೇರುವಂತೆ ಮಾಡಿದವಳು ತಾನೇ.

ಸಹಾಯವಾಣಿಯಲ್ಲಿ ಅದೇ ಹುಡುಗಿ ಸಿಕ್ಕಳು.

"ವರದಿಯಿಂದ ಮೂರು ಸಾಲು ತೆಗೀಬೇಕ್ರಿ. ಇಲ್ಲಾಂದ್ರ ವರದೀನ ನಿಲ್ಲಸ್ರಿ."

"ಆಗುತ್ತೆ ಮೇಡಂ. ಖಾತೆ ಇರೋ ನಂಬರಿಗೆ ಒಟಿಪಿ ಹೋಗುತ್ತೆ, ಅದು ಹೇಳಿ."

"ಅವ್ರಿಗೆ ಗೊತ್ತಾಗಬಾರದ್ರಿ."

"ಮೇಡಂ, ಹೆಸರೇ ಇರಲ್ವಲ್ಲ. ಯಾರದು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?"

"ಆ ಸುತ್ತಿನ್ಯಾಗ ಶಾಲಿಗೆ ಹೋಗೂ ಕೂಸು ಇರೂದು ಒಂದ ಮನ್ಯಾಗ್ರಿ."

"ಸಾರಿ ಮೇಡಂ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?"

ಫೋನು ಇಟ್ಟು ಭಾಗೀರಥಿ ಪಟ್ಟಿಯನ್ನು ಮತ್ತೆ ತೆರೆದಳು. ಅಷ್ಟರಲ್ಲಿ ನಾಲ್ಕನೆಯ ಹಸಿರು ಸಾಲು ಬಂದಿತ್ತು.

'ಹೆಂಗಸು ಮೆಟ್ಟಿಲಿಂದ ಬಿದ್ದು ಸತ್ತರೆ ಪೊಲೀಸರು ಗಂಡನನ್ನು ಹಿಡಿಯುತ್ತಾರಾ.'

ದಸ್ತಗೀರ ಹಿಂದೆ ಬಂದು ನಿಂತು ಓದಿದ.

"ಇದು ನಿಮ್ಮಕ್ಕ ಬರದಿದ್ದಲ್ಲ," ಎಂದ.

"ಅಲ್ಲ."

ಹೆಂಡತಿಯ ಹಿಸ್ಟರಿ ತಪಾಸಣೆ ಮಾಡುವವನೂ ತನ್ನದನ್ನು ಅಳಿಸುತ್ತಾನೆ. ಒಂದೇ ಮನೆಯಲ್ಲಿ, ಒಬ್ಬಳು ಮೇಲೆ, ಒಬ್ಬ ಕೆಳಗೆ, ಪರಸ್ಪರ ಗೊತ್ತಿಲ್ಲದಂತೆ ಬರೆದು ಅಳಿಸುತ್ತಿದ್ದರು. ಇದನ್ನು ಹಿಡಿದುಕೊಂಡು ಪೊಲೀಸರ ಹತ್ತಿರ ಹೋದರೆ ಏನು ಹೇಳುವುದು? ಹೆಸರಿಲ್ಲ. ನಂಬರಿಲ್ಲ. ಯಾರೋ ಏನೋ ಬರೆದರು, ಬರೆದದ್ದನ್ನು ಅಳಿಸಿದರು. ಅಳಿಸುವುದು ಅಪರಾಧವಲ್ಲ.

"ಸೋಮವಾರದ ತನಕಾ ಕಾಯೂದು ಬ್ಯಾಡ," ಎಂದ ದಸ್ತಗೀರ. "ಕ್ಯಾಮೆರಾ ಎಲ್ಲೈತಿ?"

*

ಮನೆಯ ಮೆಟ್ಟಿಲು ಅಂಗಡಿಯ ಕೌಂಟರಿನ ಪಕ್ಕಕ್ಕೇ ಇಳಿಯುತ್ತದೆ. ಶಿವಯೋಗಿಯ ಕಣ್ಣು ತಪ್ಪಿಸಿ ಯಾರೂ ಹತ್ತುವಂತಿಲ್ಲ, ಇಳಿಯುವಂತಿಲ್ಲ. ದಸ್ತಗೀರ ವೆಬ್‌ಸೈಟಿಗೆ ಫೋಟೋ ಬೇಕೆಂದು ಅವನನ್ನು ಫ್ಯಾನುಗಳ ಸಾಲಿನ ಮುಂದೆ ನಿಲ್ಲಿಸಿದ. ಎದೆಗೆ ಹಿಡಿದುಕೊಳ್ಳಲು ಒಂದು ಮಿಕ್ಸರ್ ಕೊಟ್ಟ.

"ಒಂಚೂರು ನಗ್ರಿ ಸಾವಕಾರ್ರ. ಹಿಂಗ ನಿಂತ್ರ ಗಿರಾಕಿ ಅಂಜಿ ಓಡತಾರ."

ಭಾಗೀರಥಿ ಮೇಲೆ ಹೋಗಿ ಅಕ್ಕನಿಗೆ ಮಾತಿಲ್ಲದೆ ಫೋನು ತೋರಿಸಿದಳು. ಕಸ್ತೂರಿ ತನ್ನ ಮೂರು ಸಾಲುಗಳನ್ನು ಓದಿ ಬಾಗಿಲು ಮುಂದೆ ಮಾಡಿದಳು.

"ಇದು ಅವ್ರಿಗೆ ಹೋಗತೈತೇನು?"

"ಸೋಮವಾರ. ತಳಗ ಇನ್ನೊಂದೈತಿ, ಓದು."

ಕಸ್ತೂರಿ ನಾಲ್ಕನೆಯದನ್ನು ಓದಿದಳು. ಭಾಗೀರಥಿ ಅಳುವನ್ನು ನಿರೀಕ್ಷಿಸಿದ್ದಳು. ಅಕ್ಕ ಅಳಲಿಲ್ಲ. ಯಾವುದೋ ಲೆಕ್ಕ ಕೂಡಿಬಂದವಳಂತೆ ತಲೆಯಾಡಿಸಿದಳು.

"ಹ್ವಾದ ವಾರ ಮೆಟ್ಲದ ಮ್ಯಾಲ ಎಣ್ಣಿ ಚೆಲ್ಲಿತ್ತು," ಎಂದಳು. "ಪ್ರಣತಿ ಚೆಲ್ಯಾಳ ಅಂತ ಹೊಡದ್ನಿ ಭಾಗಿ. ನಾ ಅಲ್ಲ, ನಾ ಅಲ್ಲ ಅನ್ನಾಕತ್ತಿತ್ತು ಕೂಸು. ಸುಳ್ಳ ಹೇಳತೀ ಅಂತ ಇನ್ನೊಂದು ಹೊಡದ್ನಿ."

ಅವರು ಏನನ್ನೂ ಗಂಟು ಕಟ್ಟಲಿಲ್ಲ. ಗಂಟು ಕಟ್ಟಿದರೆ ಕಾಣುತ್ತದೆ. ಕಸ್ತೂರಿ ಮಗಳ ಆಧಾರ್ ಕಾರ್ಡನ್ನು ಕುಪ್ಪಸದೊಳಗೆ ಸೇರಿಸಿಕೊಂಡಳು. ಮೂವರೂ ಕೆಳಗಿಳಿದರು.

"ಅಕ್ಕಂದೊಂದು ಫೋಟೋ ತಗೀತಾರಂತ ಮಾಮಾ. ಚೊಲೋ ಬ್ಲೌಸು ಟೇಲರ್ ಕಡೆ ಉಳದೈತಿ, ತರತೀವಿ," ಎಂದಳು ಭಾಗೀರಥಿ. ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸಿತು.

ಶಿವಯೋಗಿ ಮಿಕ್ಸರ್ ತಬ್ಬಿಕೊಂಡೇ ನೋಡಿದ. "ಒಂದು ಬ್ಲೌಸ್ ತರಾಕ ಮೂರು ಮಂದಿ ಯಾಕ?"

"ಅಲುಗ್ಯಾಡಬ್ಯಾಡ್ರಿ!" ದಸ್ತಗೀರ ಚೀರಿದ. "ಮಾರಿ ಮಸಕಾದ್ರ ಮತ್ತ ತಗಿಯೂದಿಲ್ಲ ನೋಡ್ರಿ, ಪುಕ್ಕಟೆ ಒಂದ ಸಲ."

ಪುಕ್ಕಟೆ ಎಂಬ ಮಾತು ಅವನನ್ನು ನಿಂತಲ್ಲೇ ನಿಲ್ಲಿಸಿತು. ಅವರು ಆಟೋ ಹತ್ತಿದರು.

*

ಭಾಗೀರಥಿಯ ಬಾಡಿಗೆ ಕೋಣೆ ಮುಳಗುಂದ ನಾಕಾದ ಹತ್ತಿರ. ಮಹಿಳಾ ಠಾಣೆಗೆ ಈಗಲೇ ಹೋಗೋಣ ಎಂದರೆ ಕಸ್ತೂರಿ ಒಪ್ಪಲಿಲ್ಲ. "ಇವತ್ತೊಂದಿನ ತಡಿ. ನನಗ ಮಾತ ಹೊಂಡವಲ್ದು." ನಿಜವಾಗಿಯೂ ಅವಳ ಗಂಟಲಿನಿಂದ ದನಿ ಹೊರಡುತ್ತಿರಲಿಲ್ಲ. ಸೆರಗು ಜಾರಿದಾಗ ಭಾಗೀರಥಿ ಕುತ್ತಿಗೆಯ ಮೇಲಿನ ಗುರುತುಗಳನ್ನು ನೋಡಿದಳು. ಹಳದಿಗೆ ತಿರುಗಿದ್ದವು. ಹೆಬ್ಬೆರಳಿನದು ಮಾತ್ರ ಇನ್ನೂ ನೀಲಿ.

ಸಂಜೆಯಾಗುವ ಮೊದಲೇ ಶಿವಯೋಗಿಯ ಫೋನು ಬಂತು. ಅವನ ದನಿ ಮೆತ್ತಗಿತ್ತು.

"ಟೇಲರ್ ಅಂಗಡಿ ಬಾಗಲಾ ಹಾಕೇತೆಲ್ಲ ಭಾಗಿ."

"ಅಕ್ಕ ಅಲ್ಲಿಂದ ಹ್ವಾದ್ಲು ಮಾಮಾ. ಎಲ್ಲಿಗೆ ಅಂತ ನನಗೇನು ಗೊತ್ತು?"

"ಆತು. ನೀ ಹಾಕಿಕೊಟ್ಟಿದ್ದು ಐತೆಲ್ಲ, ಜರಡಿ. ಸೋಮವಾರದ ತನಕಾ ಕಾಯಬೇಕಾಗಿಲ್ಲಂತ. ಈಗ ತಗದ್ರ ಈಗ ಕಾಣತೈತಿ."

ಭಾಗೀರಥಿ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು.

"ಪಟ್ಟಿ ನೀನೂ ನೋಡಿಯೇನು?"

"ಕೂಲರ್ ಪಂಪ್ ಬಂದೈತಿ ಮಾಮಾ. ಅದಕ್ಕೊಂದು ಪುಟ ಬರಿಯೂಣು ಅಂತ..."

"ಕೂಲರ್ ಕೇಳಲಿಲ್ಲ ನಾನು," ಎಂದು ಅವನು ಫೋನು ಇಟ್ಟ.

ಲ್ಯಾಪ್‌ಟಾಪಿನಲ್ಲಿ ಖಾತೆ ತೆರೆದೇ ಇತ್ತು. ಭಾಗೀರಥಿಯ ಕಣ್ಣೆದುರೇ ನಕಾಶೆಯ ಮೇಲೆ ಹೊಸದೊಂದು ಸುತ್ತು ಮೂಡಿತು. ನರಗುಂದ, ತವರು ಮನೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಸೊಲ್ಲಾಪುರ, ಸೋದರಮಾವನ ಗಲ್ಲಿ. ಜರಡಿಯಲ್ಲಿ ಸುತ್ತು ಹಾಕುವುದು ಕಷ್ಟವಲ್ಲ, ದುಬಾರಿಯೂ ಅಲ್ಲ. ಸಣ್ಣ ವ್ಯಾಪಾರಿಗಳಿಗೆ ಎಟುಕಲೆಂದೇ ಮಾಡಿದ್ದು. ಹಸಿರು ಸಾಲು ಬಂದ ತಕ್ಷಣ ಫೋನಿಗೆ ಸೂಚನೆ ಬರುವ ಸೌಲಭ್ಯವನ್ನೂ ಅವನು ಹಾಕಿಕೊಂಡ. ಅವನು ಬೇಗ ಬೇಗ ಕಲಿಯುತ್ತಿದ್ದ. ಬೇರೆ ಯಾವ ಗಿರಾಕಿಯೂ ಇಷ್ಟು ಚೆನ್ನಾಗಿ ಇದನ್ನು ಬಳಸಿರಲಿಲ್ಲ.

ಮೂರನೆಯ ಸುತ್ತು ಮುಳಗುಂದ ನಾಕಾದ ಮೇಲೆ ಬಿತ್ತು. ಅದರ ಒಳಗೆ ಅವರು ಮೂವರು ಕೂತಿದ್ದರು.

"ಯಾರೂ ಏನೂ ಟೈಪ್ ಮಾಡಬ್ಯಾಡ್ರಿ," ಎಂದು ಕೋಣೆಗೆ ಬಂದ ದಸ್ತಗೀರ ಪಿಸುಗುಟ್ಟಿದ, ಆ ಸುತ್ತಿಗೂ ಕಿವಿ ಇದೆ ಎಂಬಂತೆ. "ಅಕ್ಕನ ಫೋನ್ ನನಗ ಕೊಡ್ರಿ. ನರಗುಂದಕ್ಕ ಹೋಗತೀನಿ. ನಿಮ್ಮ ಮನೀ ಮುಂದ ನಿಂತು ಬರದು ಅಳಸತೀನಿ. ನೋಡೇ ಬಿಡೂಣು, ಓಡಿ ಬರತಾನೋ ಇಲ್ಲೋ."

"ಬಂದ್ರ?"

"ನಿಮ್ಮ ಅಣ್ಣ ಅದಾನಲ್ಲ, ಕುಸ್ತಿ ಹಿಡಿಯಾಂವ. ಇಬ್ರೂ ಮಾತಾಡ್ಲಿ."

ಭಾಗೀರಥಿ ಅಣ್ಣನಿಗೆ ಫೋನು ಮಾಡಿ ಎಲ್ಲ ಹೇಳಿದಳು. ದಸ್ತಗೀರ ಅಂದೇ ಬಸ್ಸು ಹತ್ತಿದ. ಭಾನುವಾರ ಬೆಳಗ್ಗೆ ನರಗುಂದದ ಸುತ್ತಿನಲ್ಲಿ ಹಸಿರು ಸಾಲು ಎದ್ದಿತು: 'ನರಗುಂದದಲ್ಲಿ ಎರಡನೇ ಇಯತ್ತೆ ಹೆಣ್ಣುಮಕ್ಕಳ ಶಾಲೆ.' ಬೆಟಗೇರಿಯ ಗಿರಣಿಯವನಿಗೆ ಫೋನು ಮಾಡಿ, ಮಾಮಾ ಅಂಗಡಿಯಲ್ಲಿ ಇದ್ದಾರೆಯೇ ಎಂದು ಭಾಗೀರಥಿ ಕೇಳಿದಳು. ಈಗಷ್ಟೇ ಶಟರ್ ಎಳೆದು ಬೈಕಿನಲ್ಲಿ ಹೋದರು, ನರಗುಂದಕ್ಕೆ ಅಂದರು ಎಂದ.

ಅವಳು ಮೊದಲ ಬಾರಿಗೆ ನೆಟ್ಟಗೆ ಕೂತು ಉಸಿರಾಡಿದಳು. ಫೋನನ್ನು ಚಾರ್ಜಿಗೆ ಹಾಕಿ, ಮಗುವಿಗೆ ಹಾಲು, ಬ್ರೆಡ್ಡು ತರಲು ಕೆಳಗೆ ಹೋದಳು. ವಾಪಸು ಬಂದು ಹಾಲು ಕಾಯಲಿಟ್ಟು ಲ್ಯಾಪ್‌ಟಾಪಿನ ಕಡೆ ತಿರುಗಿದಳು.

ಮುಳಗುಂದ ನಾಕಾದ ಸುತ್ತಿನಲ್ಲಿ ಒಂದು ಹಸಿರು ಸಾಲಿತ್ತು.

'ಮನೆ ಬಿಟ್ಟು ಬಂದವಳು ತಾನೇ ತಿರುಗಿ ಹೋದರೆ ಗಂಡ ಸುಮ್ಮನಿರುತ್ತಾನಾ.'

ಕಸ್ತೂರಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಭಾಗೀರಥಿಯ ಫೋನು ಅವಳ ಮಗ್ಗುಲಲ್ಲಿ ಬೋರಲು ಬಿದ್ದಿತ್ತು. ಆಫೀಸಿನ ಪರೀಕ್ಷೆಗೆ ಬೇಕಾಗುತ್ತದೆ ಎಂದು ಭಾಗೀರಥಿ ಅದರಲ್ಲಿ ಆ ಕೀಬೋರ್ಡ್ ಉಳಿಸಿಕೊಂಡಿದ್ದಳು. ತೆಗೆದುಹಾಕಬೇಕೆಂದು ನಿನ್ನೆಯಿಂದ ಒಮ್ಮೆಯೂ ಹೊಳೆದಿರಲಿಲ್ಲ.

"ಅಕ್ಕಾ. ನನ್ನ ಫೋನಿನ್ಯಾಗ ಏನರ ಬರದೇನು?"

"ಇಲ್ಲ." ಗೋಡೆಯಿಂದ ಮುಖ ತಿರುಗಿಸಿ, "ಬರದಿದ್ನಿ. ನಿನ್ನ ಫೋನಿನ್ಯಾಗಿಂದು ಹೋಗೂದಿಲ್ಲ ಅಂದ್ಕೊಂಡ್ನಿ. ಅಳಸೇನಲ್ಲ ಭಾಗಿ, ಎಲ್ಲಾ ಅಳಸೇನಿ."

ಭಾಗೀರಥಿ ಬೈಯಲಿಲ್ಲ. ಬೈಯುವುದಕ್ಕೆ ವೇಳೆ ಇರಲಿಲ್ಲ. ನರಗುಂದದ ರಸ್ತೆಯಲ್ಲಿ ಈಗ ಒಂದು ಜೇಬಿನೊಳಗೆ ಫೋನು ನಡುಗಿರುತ್ತದೆ. ಅವನು ಬೈಕು ಬದಿಗೆ ನಿಲ್ಲಿಸಿ ಓದಿರುತ್ತಾನೆ. ಹೊರಟು ಬಹಳ ಹೊತ್ತಾಗಿಲ್ಲ, ತಿರುಗಿ ಬರಲೂ ಬಹಳ ಹೊತ್ತು ಬೇಕಿಲ್ಲ. ಅವಳು ಸ್ಟೋವ್ ಆರಿಸಿ ಪ್ರಣತಿಯ ಕಾಲಿಗೆ ಚಪ್ಪಲಿ ಹಾಕಿದಳು.

"ಏಳು."

"ಎಲ್ಲಿಗೆ?"

"ಠಾಣೇಕ್ಕ."

"ಅಲ್ಲಿ ಏನಂತ ಬರಕೊಡ್ಲಿ ನಾನು?"

"ಬರಿಬ್ಯಾಡ. ಬಾಯಿಲೆ ಹೇಳು."

ನಾಕಾದಲ್ಲಿ ಒಂದೇ ಆಟೋ ನಿಂತಿತ್ತು. ಚಾಲಕ ಎಲೆಗೆ ಸುಣ್ಣ ಹಚ್ಚುತ್ತ, ಎಲ್ಲಿಗೆ ಎಂದು ಕೇಳಿದ. ಭಾಗೀರಥಿ ಬಾಯಿ ತೆರೆಯುವಷ್ಟರಲ್ಲಿ ಅವಳ ಕೈಯೊಳಗಿನ ಫೋನು ಹೊಡೆದುಕೊಳ್ಳತೊಡಗಿತು. ಶಿವಯೋಗಿ ಮಾಮಾ. ಅವಳು ಪ್ರಣತಿಯನ್ನು ಹತ್ತಿರ ಎಳೆದುಕೊಂಡಳು.

ಕಸ್ತೂರಿ ಫೋನಿನ ಪರದೆಯನ್ನು ನೋಡಿದಳು. ಕುತ್ತಿಗೆಯ ಸೆರಗು ಸಡಿಲಿಸಿದಳು. ಏನೋ ಅಂದಳು. ಬರೀ ಗಾಳಿ ಬಂತು.

"ಕೇಳಸ್ಲಿಲ್ರೀ ಅಕ್ಕಾರ," ಎಂದ ಚಾಲಕ.

"ಮಹಿಳಾ ಪೊಲೀಸ್ ಠಾಣೇಕ್ಕ," ಎಂದು ಕಸ್ತೂರಿ ಕೂಗಿದಳು. ಒಡಕು ದನಿ. ಎದುರಿನ ಚಹಾದಂಗಡಿಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಅವಳು ನಿಲ್ಲಿಸಲಿಲ್ಲ. "ನನ್ನ ಗಂಡ ನನ್ನ ಕೊಲ್ಲಾಕ ಬರಾಕತ್ಯಾನ. ಲಗೂ ಹೊಡಿ ತಮ್ಮಾ."